ಬಟ್ಟೆ ಎಲ್ಲಿಂದ ಬಂತು ನೋಡಿ: ಟರ್ಮಿನೇಟರ್ ಸರಣಿಯ ಆರಂಭಗಳನ್ನು ಹೋಲಿಸುವ ಬಗೆ

ಟರ್ಮಿನೇಟರ್‌ನ ಎರಡನೇ ಭಾಗವನ್ನು ನಾನು ಮೊದಲು ನೋಡಿದ್ದು ಪಕ್ಕದ ಮನೆಯ ಟಿವಿಯಲ್ಲಿ. ಮನುಷ್ಯರಿಗೂ ಯಂತ್ರಗಳಿಗೂ ಯುದ್ಧ ನಡೆಯುವ ಭವಿಷ್ಯದಿಂದ ಕೊಲ್ಲಲು ಒಬ್ಬ, ಕಾಯಲು ಒಬ್ಬ ಬರುವ ಕಥೆಯ ಹಾಲಿವುಡ್ ಸರಣಿ ಅದು. ಸಿನಿಮಾ ಶುರುವಾಗುವ ಹೊತ್ತಿಗೇ ಬೇಸಿಗೆ ಮಳೆ ಹನಿಯಲು ಶುರುವಾಯಿತು. ನಮ್ಮ ಅಂಗಳದ ತುಂಬ ಅಡಿಕೆ ಒಣಗಲು ಹಾಕಿತ್ತು. ಎಲ್ಲರೂ ಓಡಿದೆವು. ಅಡಿಕೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲಿಟ್ಟು ವಾಪಸ್ ಬರುವಾಗ ಕಪ್ಪು ಕನ್ನಡಕ ಹಾಕಿದವನು ಬೈಕಿನಲ್ಲಿ ಹೋಗುತ್ತಿದ್ದ. ಅವನು ಒಳ್ಳೆಯವನು ಅಂತ ಪಕ್ಕದ ಮನೆಯ ಅಣ್ಣ ಹೇಳಿದ. ಸರಿ ಅಂತ ಕೂತೆ.

ಆವತ್ತು ತಪ್ಪಿದ್ದು ಏನು ಅಂತ ಗೊತ್ತಾಗಲು ತುಂಬ ವರ್ಷ ಬೇಕಾಯಿತು. ಜಾನ್ ಅನ್ನುವ ಹುಡುಗನನ್ನು ಕಾಯಲು ಬಂದವನು ಯಾರು, ಕೊಲ್ಲಲು ಬಂದವನು ಯಾರು ಅನ್ನುವುದನ್ನು ಆ ಸಿನಿಮಾ ಮೊದಲ ಅರ್ಧ ಗಂಟೆ ಬೇಕೆಂದೇ ಮುಚ್ಚಿಡುತ್ತದೆ. ನನಗೆ ಅದನ್ನು ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದರು. ಅದಕ್ಕೇ ಈಗ ಯಾವ ಸರಣಿ ಹಿಡಿದರೂ ಮೊದಲು ಅದರ ಆರಂಭಗಳನ್ನಷ್ಟೇ ಒಟ್ಟಿಗೆ ಇಟ್ಟು ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಡಿಗ್ರಿ ಓದುವ ಅಳಿಯ ರಜೆಗೆ ಬಂದಿದ್ದಾಗ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಈ ಸರಣಿಯ ಆರೂ ಸಿನಿಮಾ ಹೀಗೆ ನೋಡಿ ಮುಗಿಸಿದೆವು. ನೀವೂ ಮಾಡುವುದಾದರೆ ಹೇಗೆ ಮಾಡಬೇಕು ಅಂತ ಬರೆಯುತ್ತೇನೆ. ಒಂದು ಮಾತು, ಕೆಳಗೆ ಕಥೆಯ ಗುಟ್ಟುಗಳು ಇವೆ. ಮೊದಲ ಎರಡು ಸಿನಿಮಾ ನೋಡದವರು ಅವನ್ನು ನೋಡಿ ಬಂದು ಓದಿ, ದಯವಿಟ್ಟು.

1. ಆರಂಭ ಎಲ್ಲಿಗೆ ಮುಗಿಯುತ್ತದೆ ಅಂತ ಗೆರೆ ಎಳೆಯಿರಿ

"ಮೊದಲ ಹತ್ತು ನಿಮಿಷ" ಅಂತ ಗಡಿಯಾರ ನೋಡಿ ನಿಲ್ಲಿಸಬೇಡಿ. ಒಂದು ಸಿನಿಮಾದಲ್ಲಿ ಹತ್ತು ನಿಮಿಷಕ್ಕೆ ಹೆಸರು ಬಿದ್ದು ಮುಗಿದಿರುತ್ತದೆ ಅಷ್ಟೇ, ಇನ್ನೊಂದರಲ್ಲಿ ಆಗಲೇ ಮೂರು ಜನ ಸತ್ತಿರುತ್ತಾರೆ. ಎಲ್ಲ ಭಾಗಕ್ಕೂ ಹೊಂದುವ ಒಂದು ಘಟನೆ ಹುಡುಕಿ, ಅಲ್ಲಿಗೆ ಗೆರೆ ಎಳೆಯಿರಿ. ಈ ಸರಣಿಯಲ್ಲಿ ಅದು ಸುಲಭ. ಭವಿಷ್ಯದಿಂದ ಇಬ್ಬರು ಬರುತ್ತಾರೆ, ಮೈಮೇಲೆ ಏನೂ ಇಲ್ಲದೆ ಬರುತ್ತಾರೆ, ಬಟ್ಟೆ ಹುಡುಕಿಕೊಳ್ಳುತ್ತಾರೆ, ಆಮೇಲೆ ಒಬ್ಬರನ್ನು ಹುಡುಕಿಕೊಂಡು ಹೊರಡುತ್ತಾರೆ. ಇಬ್ಬರೂ ಹೊರಟರೆ ಆರಂಭ ಮುಗಿಯಿತು. ನಾಲ್ಕನೇ ಭಾಗ ಒಂದಕ್ಕೆ ಇದು ಹೊಂದುವುದಿಲ್ಲ, ಅದರ ವಿಷಯ ಮುಂದೆ ಹೇಳುತ್ತೇನೆ.

2. ಬಿಡುಗಡೆಯಾದ ಕ್ರಮದಲ್ಲೇ ನೋಡಿ

1984, 1991, 2003, 2009, 2015, 2019. ಕಥೆಯಲ್ಲಿ ಕಾಲ ಹಿಂದೆ ಮುಂದೆ ಆಗುತ್ತದೆ ಅಂತ ಕೆಲವರು ಇಸವಿ ಪ್ರಕಾರ ಜೋಡಿಸಲು ಹೊರಡುತ್ತಾರೆ. ಆರಂಭ ಹೋಲಿಸುವವರಿಗೆ ಅದು ಬೇಡ. ಯಾಕಂದ್ರೆ ಪ್ರತಿ ನಿರ್ದೇಶಕನಿಗೂ ಗೊತ್ತಿದ್ದದ್ದು ಒಂದೇ, ಜನ ಇಲ್ಲಿವರೆಗೆ ಏನು ನೋಡಿದ್ದಾರೆ ಅನ್ನುವುದು. ಮೊದಲ ಎರಡು ಜೇಮ್ಸ್ ಕ್ಯಾಮರೂನ್ ಮಾಡಿದ್ದು. ಮೂರನೆಯದು ಜೊನಾಥನ್ ಮಾಸ್ಟೊ, ನಾಲ್ಕನೆಯದು ಮ್ಯಾಕ್‌ಜಿ, ಐದನೆಯದು ಆಲನ್ ಟೇಲರ್, ಆರನೆಯದು ಟಿಮ್ ಮಿಲ್ಲರ್. ಆರನೆಯದು ನಡುವಿನ ಮೂರನ್ನೂ ಬದಿಗಿಟ್ಟು ಎರಡನೆಯದರಿಂದ ಮುಂದುವರಿಯುತ್ತದೆ. ಹಾಗಾಗಿ ಅದನ್ನು ನೋಡುವ ದಿನ ಎರಡನೆಯದರ ಟಿಪ್ಪಣಿ ಹತ್ತಿರ ಇಟ್ಟುಕೊಳ್ಳಿ.

ಒಂದೇ ದಿನ ಆರೂ ಬೇಡ. ಒಂದು ಸಂಜೆಗೆ ಎರಡು ಸಾಕು.

3. ಒಂದೊಂದನ್ನು ಮೂರು ಸಲ ನೋಡಿ

ಮೊದಲ ಸಲ ಸುಮ್ನೆ ನೋಡಿ. ಪೆನ್ನು ಬೇಡ, ನಿಲ್ಲಿಸುವುದು ಬೇಡ. ಹೆದರಿಕೆ ಆದರೆ ಆಗಲಿ.

ಎರಡನೇ ಸಲ ಸದ್ದು ಪೂರ್ತಿ ತೆಗೆಯಿರಿ, ಸಬ್‌ಟೈಟಲ್ ಕೂಡ ತೆಗೆಯಿರಿ. ಇದು ನಮ್ಮ ಕಾಸರಗೋಡಿನವರಿಗೆ ಮುಖ್ಯ. ನಮ್ಮಲ್ಲಿ ತುಂಬ ಜನ ಇಂಗ್ಲಿಷ್ ಸಿನಿಮಾ ನೋಡುವುದು ಮಲಯಾಳಂ ಸಬ್‌ಟೈಟಲ್ ಹಾಕಿಕೊಂಡು. ಕಲಿತದ್ದು ಕನ್ನಡ ಶಾಲೆಯಲ್ಲಾದರೂ ಬಸ್ಸಿನ ಬೋರ್ಡು ಓದಿ ಓದಿ ಮಲಯಾಳಂ ಬರ್ತದೆ, ಆದರೆ ಸ್ವಲ್ಪ ನಿಧಾನ. ಕಣ್ಣು ಕೆಳಗೇ ಉಳಿಯುತ್ತದೆ. ಮೇಲೆ ಚಿತ್ರದಲ್ಲಿ ಏನಾಯಿತು ಅಂತ ಅರ್ಧವೂ ಕಾಣುವುದಿಲ್ಲ. ಅಳಿಯನಂತೂ ಮೊದಲ ಸಿನಿಮಾದಲ್ಲಿ ಕಸದ ಲಾರಿಯ ಯಂತ್ರ ಇದ್ದಕ್ಕಿದ್ದಂತೆ ಸತ್ತುಹೋಗುವುದನ್ನು ಗಮನಿಸಿಯೇ ಇರಲಿಲ್ಲ. ಮಿಂಚು ಬರುವ ಮೊದಲೇ ಆ ಲಾರಿ ನಿಲ್ಲುತ್ತದೆ, ಬೆದರಿದ ಚಾಲಕ ಇಳಿದು ಓಡುತ್ತಾನೆ. ಇನ್ನೇನು ಬರ್ತದೆ ಅನ್ನುವುದನ್ನು ಹೇಳುವುದು ಆ ಲಾರಿ.

ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಮಳೆಗಾಲವಾದರೆ ಇಯರ್‌ಫೋನ್ ಇಟ್ಟುಕೊಳ್ಳಿ, ಹಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಲ್ಯಾಪ್‌ಟಾಪಿನ ಸ್ಪೀಕರು ಕೇಳುವುದೇ ಇಲ್ಲ. ಮೊದಲ ಎರಡಕ್ಕೂ ಸಂಗೀತ ಬ್ರ್ಯಾಡ್ ಫೀಡೆಲ್ ಅವರದ್ದು. ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಆ ಪೆಟ್ಟು ಇದೆಯಲ್ಲ, ಅದನ್ನು ಕಣ್ಣು ಮುಚ್ಚಿ ಕೇಳಿದರೆ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಕೂತು ರಂಗಸ್ಥಳದ ಚೆಂಡೆ ಕೇಳಿದ ಹಾಗೆ ಆಗುತ್ತದೆ. ಬರುವವನು ಇನ್ನೂ ಬಂದಿಲ್ಲ. ಪೆಟ್ಟು ಮಾತ್ರ ಹತ್ತಿರ ಬರುತ್ತಾ ಇದೆ.

4. ನೋಟು ಪುಸ್ತಕದಲ್ಲಿ ಐದು ಸಾಲು

ಜಾಸ್ತಿ ಬೇಡ, ಐದೇ: ಜಾಗ, ಹೊತ್ತು, ದನಿ, ಬಟ್ಟೆ, ನಮಗೆ ಗೊತ್ತಿಲ್ಲದ್ದು. ಒಂದು ಸಿನಿಮಾಗೆ ಒಂದು ಪುಟ. ಜಾಗ ಮತ್ತು ಹೊತ್ತು ಬರೆಯಲು ಎರಡು ನಿಮಿಷ ಸಾಕು. 1984ರದ್ದು ರಾತ್ರಿ, ಲಾಸ್ ಏಂಜಲೀಸ್, ಊರಿನ ದೀಪಗಳೆಲ್ಲ ಕೆಳಗೆ ಕಾಣುವ ಗ್ರಿಫಿತ್ ವೀಕ್ಷಣಾಲಯದ ಗುಡ್ಡ. 1991ರದ್ದು ಹಾಡಹಗಲು ಶುರುವಾಗುತ್ತದೆ, ರಸ್ತೆ ತುಂಬ ವಾಹನ, ಉಯ್ಯಾಲೆಯಲ್ಲಿ ಮಕ್ಕಳು, ಎಲ್ಲ ನಿಧಾನಗತಿಯಲ್ಲಿ, ಆಮೇಲೆ ಪರದೆ ಪೂರ್ತಿ ಬೆಳ್ಳಗಾಗುತ್ತದೆ. ಕಷ್ಟ ಇರುವುದು ಕೊನೆಯ ಸಾಲಿನಲ್ಲಿ. ತೋರಿಸಿದ್ದನ್ನು ಯಾರು ಬೇಕಾದರೂ ಬರೆಯಬಹುದು. ತೋರಿಸದೆ ಉಳಿಸಿಕೊಂಡದ್ದು ಏನು ಅಂತ ಬರೆಯಲು ಕೂತು ಯೋಚಿಸಬೇಕು, ಮತ್ತು ನನ್ನ ಪ್ರಕಾರ ಈ ಸರಣಿಯಲ್ಲಿ ಒಳ್ಳೆಯ ಆರಂಭ, ಸಾಧಾರಣ ಆರಂಭ ಅಂತ ಬೇರೆಯಾಗುವುದು ಆ ಒಂದು ಸಾಲಿನಲ್ಲೇ.

5. ಒಂದೇ ಥರದ ಎರಡು ಶಾಟ್ ಹಿಡಿದು ಪಕ್ಕಪಕ್ಕ ನಿಲ್ಲಿಸಿ

ಇಡೀ ಆರಂಭವನ್ನು ಒಮ್ಮೆಲೇ ಹೋಲಿಸಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಒಂದು ಸಣ್ಣ ವಸ್ತು ಹಿಡಿಯಿರಿ. ನಾವು ಹಿಡಿದದ್ದು ತಲೆಬುರುಡೆ.

ಮೊದಲ ಸಿನಿಮಾ ಶುರುವಾಗುವುದೇ 2029ರಲ್ಲಿ. ಕತ್ತಲೆ, ಕುಸಿದ ಊರು. ಕ್ಯಾಮರಾ ನೆಲಕ್ಕೆ ತಾಗಿದ ಹಾಗೆ ಇದೆ. ನೆಲದ ತುಂಬ ಮನುಷ್ಯರ ತಲೆಬುರುಡೆಗಳು. ಅವುಗಳ ಮೇಲೆ ಒಂದು ದೈತ್ಯ ಯಂತ್ರದ ಚೈನು ಗಾಲಿ ಹತ್ತಿ ಬರುತ್ತದೆ, ಬುರುಡೆಗಳು ಪುಡಿಯಾಗುತ್ತವೆ. ಯಂತ್ರಕ್ಕೆ ಮುಖ ಇಲ್ಲ. ಅದಕ್ಕೆ ಆ ಬುರುಡೆಗಳು ಅಲ್ಲಿ ಇವೆ ಅಂತಲೂ ಗೊತ್ತಿಲ್ಲ, ಜಲ್ಲಿಯ ಮೇಲೆ ರೋಲರ್ ಹೋದ ಹಾಗೆ ಹೋಗುತ್ತದೆ.

ಏಳು ವರ್ಷ ಆದ ಮೇಲೆ ಎರಡನೇ ಸಿನಿಮಾದಲ್ಲೂ 2029, ಮತ್ತೆ ನೆಲಮಟ್ಟದ ಕ್ಯಾಮರಾ, ಮತ್ತೆ ಒಂದು ಬುರುಡೆ. ಈ ಸಲ ಅದರ ಮೇಲೆ ಬೀಳುವುದು ಒಂದು ಪಾದ. ಹೊಳೆಯುವ ಲೋಹದ ಪಾದ. ಬುರುಡೆ ಒಡೆಯುತ್ತದೆ, ಕ್ಯಾಮರಾ ನಿಧಾನಕ್ಕೆ ಮೇಲೆ ಹತ್ತುತ್ತದೆ, ಕಾಲು, ಎದೆಗೂಡು, ಕೈಯಲ್ಲಿ ಕೋವಿ, ಕೊನೆಗೆ ಕೆಂಪು ಕಣ್ಣಿನ ಮುಖ. ಆ ಮುಖವೂ ಬುರುಡೆಯೇ! ಅಳಿಯ ಅಲ್ಲಿ ನಿಲ್ಲಿಸಿ, "ಮಾವ, ಇದು ಬುರುಡೆಯನ್ನು ಬುರುಡೆಯೇ ತುಳಿದ ಹಾಗೆ ಅಲ್ವಾ?" ಅಂದ. ನನಗೆ ಅಷ್ಟು ಸಲ ನೋಡಿದರೂ ಹೊಳೆದಿರಲಿಲ್ಲ.

ಮೊದಲನೆಯದನ್ನು ಸುಮಾರು 64 ಲಕ್ಷ ಡಾಲರಿನಲ್ಲಿ ಮಾಡಿದ್ದರು. ಭವಿಷ್ಯದ ಯುದ್ಧ ಹೆಚ್ಚಾಗಿ ಸಣ್ಣ ಮಾದರಿಗಳನ್ನು ಇಟ್ಟು ತೆಗೆದದ್ದು, ಹಾಗಾಗಿ ಕತ್ತಲೆ, ಹೊಗೆ, ದೂರದ ಬೆಳಕಿನ ಗೆರೆಗಳು ಜಾಸ್ತಿ. ಎರಡನೆಯದಕ್ಕೆ ಖರ್ಚು ಸುಮಾರು 10 ಕೋಟಿ ಡಾಲರ್. ಆಗ ಆ ಲೋಹದ ಮೈಯನ್ನು ಹತ್ತಿರದಿಂದ, ನಿಧಾನಕ್ಕೆ ತೋರಿಸುವ ಧೈರ್ಯ ಬಂತು. ಹಣದ ಲೆಕ್ಕವನ್ನೂ ಪುಟದ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಒಂದು ದೃಶ್ಯ ಯಾಕೆ ಹಾಗಿದೆ ಅನ್ನುವುದಕ್ಕೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

6. ಬಟ್ಟೆ ನೋಡಿ

ಇದು ನನಗೆ ತುಂಬ ಇಷ್ಟದ ಹೆಜ್ಜೆ. ಸ್ವಲ್ಪ ಉದ್ದ ಆಗ್ತದೆ.

ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಕುಂಬಳೆ ನಮ್ಮಲ್ಲಿಗೆ ದೂರವಿಲ್ಲ. ಸಣ್ಣವರಿದ್ದಾಗಿನಿಂದ ಗದ್ದೆಯಲ್ಲಿ ಚಾಪೆ ಹಾಸಿ ಕೂತು ಬೆಳಗಿನವರೆಗೆ ಆಟ ನೋಡಿದವರು ನಾವು. ಆಟದಲ್ಲಿ ವೇಷ ರಂಗಸ್ಥಳಕ್ಕೆ ಬಂದ ಕೂಡಲೇ ಅದು ಯಾರು ಅಂತ ಮಗುವಿಗೂ ಗೊತ್ತಾಗುತ್ತದೆ. ಮುಖದ ಬಣ್ಣ ಹೇಳುತ್ತದೆ, ಕಿರೀಟ ಹೇಳುತ್ತದೆ. ದೇವಿ ಮಹಾತ್ಮೆಯ ಮಹಿಷಾಸುರ ದೊಂದಿಯ ಬೆಂಕಿಯ ನಡುವೆ ಪ್ರೇಕ್ಷಕರ ಮಧ್ಯದಿಂದಲೇ ಅಬ್ಬರಿಸಿಕೊಂಡು ಬರುವಾಗ ಇವನು ಒಳ್ಳೆಯವನಿರಬಹುದೋ ಅಂತ ಯಾರೂ ಕೇಳುವುದಿಲ್ಲ.

ಈ ಸಿನಿಮಾಗಳಲ್ಲಿ ವೇಷ ಹಾಕದೆ ಬರುತ್ತಾರೆ. ಬಣ್ಣ ಇಲ್ಲ, ಕಿರೀಟ ಇಲ್ಲ, ಮೈಮೇಲೆ ಒಂದು ನೂಲೂ ಇಲ್ಲ. ಬಂದ ಮೇಲೆ ನಮ್ಮ ಕಣ್ಣೆದುರೇ ವೇಷ ಕಟ್ಟಿಕೊಳ್ಳುತ್ತಾರೆ. ಯಾರ ಬಟ್ಟೆ, ಹೇಗೆ ಸಿಕ್ಕಿತು ಅಂತ ನೋಡಿದರೆ ಬಂದವನ ಗುಣ ಅರ್ಧ ಗೊತ್ತಾಗುತ್ತದೆ. ಅದಕ್ಕೇ ಬಟ್ಟೆಗೆ ಒಂದು ಸಾಲು ಇಟ್ಟದ್ದು.

1984: ಕೊಲ್ಲಲು ಬಂದ ಯಂತ್ರದ ಪಾತ್ರದ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಗುಡ್ಡದ ಮೇಲೆ ಮೂವರು ಪುಂಡ ಹುಡುಗರ ಹತ್ತಿರ ಬಟ್ಟೆ ಕೇಳುತ್ತಾನೆ. ಚೂರಿ ತೆಗೆದವರಿಗೆ ಸಾವು. ಉಳಿದವನು ನಡುಗುತ್ತಾ ಅಂಗಿ ಬಿಚ್ಚಲು ಶುರುಮಾಡುತ್ತಾನೆ. ಕಾಯಲು ಬಂದ ಮನುಷ್ಯ ಕೈಲ್ ರೀಸ್ ಒಂದು ಕೊಳಕು ಗಲ್ಲಿಯಲ್ಲಿ ಬೀಳುತ್ತಾನೆ, ಕುಡಿದು ಕೂತ ಒಬ್ಬ ಬೀದಿಯವನ ಪ್ಯಾಂಟು ಎಳೆದುಕೊಳ್ಳುತ್ತಾನೆ, ಪೊಲೀಸರು ಅಟ್ಟಿಸಿಕೊಂಡು ಬರುವಾಗ ಒಂದು ದೊಡ್ಡ ಅಂಗಡಿಗೆ ನುಗ್ಗಿ ಕೋಟು, ಬೂಟು ಹಾಕಿಕೊಳ್ಳುತ್ತಾನೆ. ಒಬ್ಬ ಕೊಂದು ತೆಗೆದುಕೊಂಡ, ಒಬ್ಬ ಕದ್ದ. ಇಷ್ಟರಲ್ಲೇ ಬೇರೆ ಬೇರೆ. ಆದರೆ ಗಮನಿಸಿ, ರೀಸ್ ಪೊಲೀಸ್ ಕಾರಿನಿಂದ ಕೋವಿಯನ್ನೂ ಎತ್ತಿಕೊಂಡಿದ್ದಾನೆ, ಅವನೂ ಅರ್ನಾಲ್ಡ್ ಕೊಲ್ಲಲು ಹುಡುಕುವ ಸಾರಾ ಕಾನರ್ ಅನ್ನುವ ಹೆಸರನ್ನೇ ಫೋನ್ ಪುಸ್ತಕದಲ್ಲಿ ಹುಡುಕುತ್ತಿದ್ದಾನೆ. ಮೊದಲ ಸಲ ನೋಡುವವರಿಗೆ ಇವನ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ.

1991: ಅರ್ನಾಲ್ಡ್ ಮತ್ತೆ ಬರುತ್ತಾನೆ, ಬೈಕಿನವರು ತುಂಬಿದ ಬಾರಿಗೆ ಹಾಗೇ ನಡೆದುಕೊಂಡು ಹೋಗಿ ಬಟ್ಟೆ, ಬೂಟು, ಬೈಕು ಕೇಳುತ್ತಾನೆ. ಹೊಡೆದಾಟ ಜೋರು. ಒಬ್ಬನನ್ನು ಬಿಸಿ ಒಲೆಯ ಮೇಲೆ ಎಸೆಯುತ್ತಾನೆ. ಈಗ ಎಣಿಸಿ, ಎಷ್ಟು ಜನ ಸತ್ತರು? ಒಬ್ಬರೂ ಇಲ್ಲ. ಮೊದಲ ಸಿನಿಮಾ ನೋಡಿದ ನಮಗೆ ಅವನನ್ನು ಕಂಡ ಕೂಡಲೇ ಕೊಲೆಗಾರ ಅಂತ ಮನಸ್ಸು ಹೇಳಿಬಿಡುತ್ತದೆ, ಎಣಿಸಲು ಹೋಗುವುದಿಲ್ಲ. ನಮ್ಮ ನೆನಪನ್ನೇ ಕಣ್ಣಿಗೆ ಬಟ್ಟೆ ಕಟ್ಟಲು ಬಳಸಿದ್ದಾರೆ. ಇನ್ನೊಬ್ಬ, ರಾಬರ್ಟ್ ಪ್ಯಾಟ್ರಿಕ್ ಮಾಡಿದ ಪಾತ್ರ, ತೆಳ್ಳಗಿನ ಮೈ, ಸಾಧು ಮುಖ, ಹಾಕಿಕೊಂಡದ್ದು ಪೊಲೀಸ್ ಸಮವಸ್ತ್ರ. ಒಬ್ಬ ಚರ್ಮದ ಜಾಕೆಟ್ಟಿನ ರೌಡಿ, ಒಬ್ಬ ಪೊಲೀಸ್. ಎರಡೂ ವೇಷ ಸುಳ್ಳು. ಕಿರೀಟ ವೇಷ ಕಟ್ಟಿಕೊಂಡು ರಾಕ್ಷಸ ಬಂದ ಹಾಗೆ! ಸಿನಿಮಾ ಇಷ್ಟು ಚೆನ್ನಾಗಿ ಮುಚ್ಚಿಟ್ಟ ಗುಟ್ಟನ್ನು ಆಗಿನ ಟ್ರೇಲರೇ ಬಿಟ್ಟುಕೊಟ್ಟಿತ್ತು, ಅದು ನೆನೆದರೆ ನನಗೆ ಈಗಲೂ ಬೇಸರ ಆಗುತ್ತದೆ. ಹಾಗಾಗಿ ಹೊಸಬರಿಗೆ ತೋರಿಸುವಾಗ ಟ್ರೇಲರ್ ತೋರಿಸಲೇಬೇಡಿ.

2003: ಈ ಸಲ ಬೇಟೆಯಾಡಲು ಬಂದದ್ದು ಹೆಣ್ಣು ರೂಪದ ಯಂತ್ರ. ಬಂದು ಇಳಿಯುವುದು ದುಬಾರಿ ಬಟ್ಟೆ ಅಂಗಡಿಯ ಗಾಜಿನ ಕಪಾಟಿನೊಳಗೆ, ಬೊಂಬೆಗಳ ನಡುವೆ. ಒಳ್ಳೆಯ ಯೋಚನೆ. ಬಟ್ಟೆ, ಕಾರು ಎರಡನ್ನೂ ಒಬ್ಬ ಹೆಂಗಸಿನಿಂದ ತೆಗೆದುಕೊಳ್ಳುತ್ತಾಳೆ. ಅರ್ನಾಲ್ಡ್ ಬಾರಿಗೇ ಹೋಗುತ್ತಾನೆ, ಅಲ್ಲಿ ಹೆಂಗಸರಿಗಾಗಿ ಕುಣಿಯುವವನ ಬಟ್ಟೆ ಸಿಗುತ್ತದೆ, ಜೇಬಿನಲ್ಲಿ ನಕ್ಷತ್ರದ ಆಕಾರದ ಕನ್ನಡಕ. ಜನ ನಗುತ್ತಾರೆ. ನಕ್ಕ ಮೇಲೆ ಅವನ ಹೆದರಿಕೆ ಹೋಯಿತು. ನನ್ನ ಪುಟದಲ್ಲಿ "ಗೊತ್ತಿಲ್ಲದ್ದು" ಅನ್ನುವ ಸಾಲು ಇಲ್ಲಿ ಖಾಲಿ ಬಿತ್ತು.

2009: ಯಾರೂ ಭವಿಷ್ಯದಿಂದ ಬರುವುದಿಲ್ಲ, ನಾವೇ ಭವಿಷ್ಯದಲ್ಲಿ ಇದ್ದೇವೆ. ಶುರುವಾಗುವುದು 2003ರ ಜೈಲಿನಲ್ಲಿ, ಮರಣದಂಡನೆಗೆ ಕಾಯುತ್ತಿರುವ ಮಾರ್ಕಸ್ ರೈಟ್ ತನ್ನ ದೇಹವನ್ನು ಸಂಶೋಧನೆಗೆ ಬರೆದುಕೊಡುತ್ತಾನೆ. ಆಮೇಲೆ 2018ರ ಯುದ್ಧ. ಅದು ಮುಗಿದ ಮೇಲೆ ಕೆಸರಿನಿಂದ ಒಬ್ಬ ಬೆತ್ತಲೆ ಎದ್ದು ಮಳೆಯಲ್ಲಿ ಕಿರುಚುತ್ತಾನೆ, ಅದೇ ಮಾರ್ಕಸ್. ಗೆರೆ ಎಳೆಯಬೇಕಾದ್ದು ಅಲ್ಲಿ. ಮಿಂಚಿಲ್ಲ, ಬೆಳಕಿನ ಗೋಳ ಇಲ್ಲ, ಆದರೂ ಅದು ಈ ಸರಣಿಯ ಹಳೆಯ ಪ್ರವೇಶವೇ. ಈ ಸಿನಿಮಾವನ್ನು ಬೈಯುವವರು ಜಾಸ್ತಿ, ಆರಂಭ ಮಾತ್ರ ನನಗೆ ಹಿಡಿಸಿತು. ಇವನು ಮನುಷ್ಯನೋ ಯಂತ್ರವೋ ಅಂತ ಕೇಳಿಸುತ್ತದೆ, ಉತ್ತರ ಕೊಡುವುದಿಲ್ಲ.

2015ರದ್ದನ್ನು 1984ರದ್ದರ ಜೊತೆ ಎರಡು ಪರದೆಯಲ್ಲಿ ಇಟ್ಟು ನೋಡಿ, ಒಂದು ಲ್ಯಾಪ್‌ಟಾಪ್ ಒಂದು ಮೊಬೈಲು ಆದರೂ ಸಾಕು. ಅದೇ ಕಸದ ಲಾರಿ, ಅದೇ ಗುಡ್ಡ, ಅದೇ ಮೂವರು ಹುಡುಗರು, ಹೊಸ ನಟರನ್ನಿಟ್ಟು ಮತ್ತೆ ತೆಗೆದದ್ದು. ಹಳೆಯ ಅರ್ನಾಲ್ಡ್‌ನ ಹರೆಯದ ಮುಖವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಆದರೆ ಬಟ್ಟೆ ಕೇಳಿ ತೆಗೆದುಕೊಳ್ಳುವ ಮೊದಲೇ ವಯಸ್ಸಾದ ಇನ್ನೊಬ್ಬ ಅರ್ನಾಲ್ಡ್ ಅಡ್ಡ ಬರುತ್ತಾನೆ. ಬಟ್ಟೆ ಸಿಗುವುದೇ ಇಲ್ಲ. ಮೊದಲನೆಯದನ್ನು ಬಾಯಿಪಾಠ ಮಾಡಿದವರಿಗೆ ಮೈ ಜುಮ್ ಅನ್ನುತ್ತದೆ. ಮಾಡದವರಿಗೆ ಏನಾಯಿತು ಅಂತಲೇ ಅರ್ಥವಾಗುವುದಿಲ್ಲ.

2019ರದ್ದು ಬಟ್ಟೆಯ ಲೆಕ್ಕಕ್ಕೆ ಮೊದಲು ಒಂದು ಏಟು ಕೊಡುತ್ತದೆ. 1998, ಗ್ವಾಟೆಮಾಲದ ಕಡಲತೀರ, ಹಗಲು, ಸಾರಾ ಮತ್ತು ಮಗ ಜಾನ್ ಆರಾಮಾಗಿ ಕೂತಿದ್ದಾರೆ. ಎಲ್ಲರಂತೆ ಬಟ್ಟೆ ಹಾಕಿಕೊಂಡ ಅರ್ನಾಲ್ಡ್ ನಡೆದು ಬಂದು ಹುಡುಗನನ್ನು ಕೊಂದು ಹೋಗುತ್ತಾನೆ. ಎರಡು ಸಿನಿಮಾ ಉದ್ದಕ್ಕೂ ಕಾಪಾಡಿದ ಜೀವ. ಮಿಂಚಿಲ್ಲ, ಮುನ್ಸೂಚನೆ ಇಲ್ಲ. ತುಂಬ ಜನರಿಗೆ ಇದರ ಮೇಲೆ ಸಿಟ್ಟು ಇದೆ. ನನಗೂ ನೋಡುವಾಗ ಹೊಟ್ಟೆ ತೊಳೆಸಿದ ಹಾಗಾಯಿತು. ಆಮೇಲೆ ಮೆಕ್ಸಿಕೋ ಸಿಟಿಯಲ್ಲಿ ಭವಿಷ್ಯದಿಂದ ಗ್ರೇಸ್ ಅನ್ನುವವಳು ಬಂದು ಬೀಳುತ್ತಾಳೆ, ನೋವು ತಿನ್ನುತ್ತಾಳೆ, ಆದರೆ ಹೊಡೆತ ಮಾತ್ರ ಯಂತ್ರದ್ದು. ಅಲ್ಲಿ ಮತ್ತೆ ಪ್ರಶ್ನೆ ಹುಟ್ಟುತ್ತದೆ, ಅದು ಒಳ್ಳೆಯದಾಯಿತು.

7. ಯಾರು ಮಾತಾಡುತ್ತಾರೆ ಅಂತ ಗುರುತು ಹಾಕಿ

ಮೊದಲನೆಯದರಲ್ಲಿ ಯಾರ ದನಿಯೂ ಇಲ್ಲ, ನಾಲ್ಕು ಸಾಲು ಬರಹ ಮಾತ್ರ. ಎರಡನೆಯದರಲ್ಲಿ ಸಾರಾ ಮಾತಾಡುತ್ತಾಳೆ, 1997ರ ಆಗಸ್ಟ್ 29ರಂದು 300 ಕೋಟಿ ಜನ ಸತ್ತರು ಅಂತ. ಮೂರನೆಯದರಲ್ಲಿ ಜಾನ್, ಐದನೆಯದರಲ್ಲಿ ರೀಸ್. ಆರನೆಯದು ಎರಡನೇ ಸಿನಿಮಾದ ಸಾರಾಳ ಹಳೆಯ ವಿಡಿಯೋದಿಂದ ಶುರು. ಭಾಗವತರು ಒಂದು ಪದ್ಯದಲ್ಲಿ ಕಥೆಯ ಬಾಗಿಲು ತೆರೆದುಕೊಟ್ಟರೆ ಸಾಕು, ಅರ್ಥವನ್ನೂ ಅವರೇ ಹೇಳಬಾರದು. ಮೂರು ಮತ್ತು ಐದರಲ್ಲಿ ಅರ್ಥ ಹೇಳುವುದು ಜಾಸ್ತಿಯಾಯಿತು ಅಂತ ನನಗೆ ಅನಿಸಿತು. ನೀವು ಎಣಿಸಿ ನೋಡಿ, ಬೇರೆ ಅನಿಸಿದರೂ ಅನಿಸಬಹುದು.

8. ಏನೂ ಗೊತ್ತಿಲ್ಲದವರೊಬ್ಬರಿಗೆ ತೋರಿಸಿ

ಟಿಪ್ಪಣಿ ಎಲ್ಲ ಆದ ಮೇಲೆ ಈ ಸರಣಿಯ ಹೆಸರೂ ಕೇಳದವರನ್ನು ಕೂರಿಸಿ. ಸಣ್ಣ ಮಕ್ಕಳು ಬೇಡ, ರಕ್ತ ಇದೆ. ದೊಡ್ಡವರಾದರೂ ಮೈಮೇಲೆ ಬಟ್ಟೆ ಇಲ್ಲದೆ ಬರುತ್ತಾರೆ ಅಂತ ಮುಂಚೆಯೇ ಹೇಳಿಬಿಡಿ. ನಡುವೆ ಏನೂ ವಿವರಿಸಬೇಡಿ. ಇಬ್ಬರೂ ಹೊರಟ ಜಾಗದಲ್ಲಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ, ಇವರಲ್ಲಿ ಒಳ್ಳೆಯವರು ಯಾರು?

ನಾವು ಕೇಳಿದ್ದು ದೊಡ್ಡಮ್ಮನ ಹತ್ತಿರ. ಚಾವಡಿಯ ಮೂಲೆಯಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದರು. 1984ರದ್ದು ಹಾಕಿದೆವು. ಅರ್ನಾಲ್ಡ್ ಬಂದ, ರೀಸ್ ಬಂದ. ನಿಲ್ಲಿಸಿ ಕೇಳಿದೆ. ದೊಡ್ಡಮ್ಮ ಕೈ ನಿಲ್ಲಿಸದೆಯೇ, "ಗಲ್ಲಿಯಲ್ಲಿ ಬಿದ್ದವ. ಅವನಿಗೆ ಬೀಳುವಾಗ ನೋವಾಯ್ತು, ಉಸಿರು ಎಳೀತಿದ್ದ. ಆಚೆಯವನಿಗೆ ಎಂತದೂ ಆಗ್ಲಿಲ್ಲ, ಪೂಜೆಯಿಂದ ಎದ್ದ ಹಾಗೆ ಎದ್ದ" ಅಂದರು. ನಾನು ಬಟ್ಟೆ ನೋಡುತ್ತಾ ಕೂತದ್ದು. ಅವರು ಬಿದ್ದ ಬಗೆಯನ್ನೇ ನೋಡಿದ್ದರು.

ಮರುದಿನ 1991ರದ್ದು. ಬೈಕು ಹೋಯಿತು. ಸೇತುವೆ ಅಡಿಯಲ್ಲಿ ಮಿಂಚು ಕಂಡು ಒಬ್ಬ ಪೊಲೀಸ್ ಕಾರಿನಿಂದ ಇಳಿದ, ಬೇಲಿಯ ತಂತಿಯಲ್ಲಿ ದುಂಡಗೆ ಕತ್ತರಿಸಿದ ತೂತು ನೋಡಿದ, ಹಿಂದಿನಿಂದ ಒಬ್ಬ ಬಂದು ಹೊಡೆದ, ಸಮವಸ್ತ್ರದಲ್ಲಿ ಕಾರು ಹತ್ತಿದ. ನಿಲ್ಲಿಸಿದೆ.

ದೊಡ್ಡಮ್ಮ ಈ ಸಲ ಕೈ ನಿಲ್ಲಿಸಿದರು. "ಸ್ವಲ್ಪ ಹಿಂದೆ ಹಾಕು ಮಗಾ" ಅಂದರು. ಹಾಕಿದೆ. ಮತ್ತೊಮ್ಮೆ ನೋಡಿ, "ಈ ಎರಡನೆಯವ ಬಿದ್ದದ್ದನ್ನು ತೋರಿಸ್ಲೇ ಇಲ್ಲ ಅಲ್ವಾ?"